ರೆಪ್ಪೆಯಿಲ್ಲದ ಕಣ್ಣು

ಶಾಲಾ ಕೆಡೆಟ್ ದಳದ ಲಾಂಛನಗಳಿಗೆ ಮೊಹರು ಒತ್ತುವ ಮಾನ್ಯರೇ,

ನನ್ನ ಮಗಳ ತೋಳಿನ ಮೇಲಿರುವ ಆ ಕಣ್ಣನ್ನು ತೆಗೆಸಿ. ನನಗೆ ಅದನ್ನು ಕಂಡರೆ ಭಯ. ಕಾರ್ಮಿಕ ಸಂಘದ ಮೆರವಣಿಗೆಗಳಲ್ಲಿ ಲಾಠಿಗೆ ಎದೆಯೊಡ್ಡಿದವಳು ಇಂದು ಹದಿಮೂರು ವರ್ಷದ ಹುಡುಗಿಯ ತೋಳಿಗೆ ಹೆದರುತ್ತಿದ್ದಾಳೆ ಎಂದು ಬರೆದುಕೊಳ್ಳಿ. ಬರೆದುಕೊಳ್ಳುವುದು ತಮಗೇನೂ ಹೊಸದಲ್ಲವಲ್ಲ.

ಆ ಕಣ್ಣನ್ನು ಹೊಲಿದವಳೂ ನಾನೇ. ತಮ್ಮ ಇಲಾಖೆಗೆ ಬ್ಯಾಡ್ಜ್ ಒದಗಿಸುವ ಎಂಬ್ರಾಯ್ಡರಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಮೆಷಿನ್ ತುಳಿಯುತ್ತಿದ್ದೇನೆ. ಹಳೆಯ ಬ್ಯಾಡ್ಜಿನಲ್ಲಿ ತೆರೆದ ಪುಸ್ತಕವಿತ್ತು, ಅದರ ಮೇಲೊಂದು ದೀಪವಿತ್ತು. ಈ ವರ್ಷ ಎರಡೂ ಹೋಗಿ ಕಣ್ಣು ಬಂತು. ‘ಜಾಗೃತಿಯ ಸಂಕೇತ’ ಎಂದು ನಕ್ಷೆಯ ಕೆಳಗೆ ಬರೆದಿತ್ತು. ಬರೀ ಒಂದು ಬಿಳಿ ಗುಂಡು, ನಡುವೆ ಕಪ್ಪು ಚುಕ್ಕೆ. ನಕ್ಷೆ ಬರೆದವರು ಮರೆತಿರಬೇಕು ಎಂದುಕೊಂಡು ನಾನು ಕಂದು ದಾರದಲ್ಲಿ ಮೇಲೊಂದು ರೆಪ್ಪೆ ಸೇರಿಸಿದೆ. ಇಡೀ ಮೂಟೆ ವಾಪಸ್ ಬಂತು. “ಮಂಜೂರಾದ ವಿನ್ಯಾಸದಲ್ಲಿ ರೆಪ್ಪೆ ಇಲ್ಲ, ಕೂಡಲೇ ತೆಗೆಯತಕ್ಕದ್ದು” ಎಂಬ ತಮ್ಮ ಕಚೇರಿಯ ಟಿಪ್ಪಣಿಯನ್ನು ಸೂಪರ್‌ವೈಸರ್ ನನ್ನ ಮುಖಕ್ಕೇ ಹಿಡಿದರು. ಮೂರು ದಿನ ಕೂತು ರೆಪ್ಪೆ ಬಿಚ್ಚಿದೆವು. ಲಾಂಛನವೆಂದರೆ ಬರೀ ಬಟ್ಟೆ ತುಂಡು ಎಂದು ತಾವು ಹೇಳಬಹುದು. ಬರೀ ಬಟ್ಟೆಯಾಗಿದ್ದರೆ ಒಂದು ರೆಪ್ಪೆಗಾಗಿ ಮೂಟೆ ಏಕೆ ವಾಪಸಾಯಿತು? ಮುಚ್ಚಲಾರದ ಕಣ್ಣಿಗೆ ಜಾಗೃತಿ ಎನ್ನುತ್ತಾರೆಯೇ? ನಮ್ಮ ಓಣಿಯಲ್ಲಿ ಅದನ್ನು ಕಾಯಿಲೆ ಎನ್ನುತ್ತಾರೆ.

ಕಣ್ಣಿನ ಕೆಳಗೆ ಖಾಲಿ ಜಾಗ ಬಿಡಿಸಿದ್ದು ಏಕೆಂದು ಆಗ ತಿಳಿಯಲಿಲ್ಲ. ಮಗಳ ತೋಳಿನ ಬ್ಯಾಡ್ಜಿನಲ್ಲಿ, ಅದೇ ಜಾಗದಲ್ಲಿ, ಕೆಂಪು ಗೆರೆ ಮೂಡಿದಾಗ ತಿಳಿಯಿತು. ಯಾರ ಮೇಲಾದರೂ ಒಂದು ದೂರು ಕೊಟ್ಟರೆ ಒಂದು ಗೆರೆ. ಡ್ರಾಯಿಂಗ್ ಮೇಷ್ಟ್ರು ಬ್ಯಾಡ್ಜ್ ನೋಡಿ, ಪಾಪ, ಇದಕ್ಕೆ ನಿದ್ದೆ ಹೇಗೆ ಬರುತ್ತೋ ಎಂದು ತಮಾಷೆ ಮಾಡಿದ್ದರಂತೆ. ಮಗಳು ಅದನ್ನು ಚೀಟಿಯಲ್ಲಿ ಬರೆದು ದಳಕ್ಕೆ ಕೊಟ್ಟಳು. ಮೇಷ್ಟ್ರು ಎರಡು ವಾರದಿಂದ ಶಾಲೆಗೆ ಬಂದಿಲ್ಲ. ಅವರ ಮನೆಗೆ ಹೋದೆ. ಅವರ ಹೆಂಡತಿ ಸರಪಳಿ ತೆಗೆಯದೆ ಬಾಗಿಲ ಸಂದಿಯಿಂದ ಮೊದಲು ನೋಡಿದ್ದು ನನ್ನ ತೋಳನ್ನು.

ಕಳೆದ ಸೋಮವಾರ ಎರಡನೆಯ ಗೆರೆ ಬಂತು. ಯಾರ ಮೇಲೆ ಎಂದು ಕೇಳಿದೆ.

“ಹೇಳಬಾರದು ಅಂದಿದ್ದಾರಮ್ಮ.”

“ನಮ್ಮನೆಯವರ ಮೇಲಾ?”

“ಹೇಳಬಾರದು ಅಂದೆನಲ್ಲ” ಎಂದು ಷೂ ಪಾಲಿಶ್ ಮಾಡತೊಡಗಿದಳು.

ಅಂದಿನಿಂದ ಮನೆಯಲ್ಲಿ ಮಾತು ಸತ್ತಿದೆ. ಬಸ್ ಡಿಪೋದ ಮೆಕ್ಯಾನಿಕ್ ಆದ ನನ್ನ ಗಂಡ ನಲ್ಲಿ ಬಿಟ್ಟುಕೊಂಡು ಪಿಸುಗುಡುತ್ತಾರೆ. ಅತ್ತೆ ಮಾತ್ರ ಧೈರ್ಯ ಮಾಡಿ, ಅಡುಗೆಗೆ ಉಪ್ಪು ಮರೆತದ್ದನ್ನೂ ಬರ್ಕೊಂಡ್ಯೇನೇ ಎಂದು ಮೊಮ್ಮಗಳನ್ನು ಕೆಣಕಿದರು. ಯಾರೂ ನಗಲಿಲ್ಲ. ಆಮೇಲೆ ಅವರೇ ನನ್ನ ಕಿವಿಯಲ್ಲಿ, ನಿಜವಾಗ್ಲೂ ಬರೆದಿರ್ತಾಳಾ ಎಂದರು. ಯಾರಾದರೂ ಬಾಗಿಲು ಬಡಿದರೆ ನಾಲ್ವರಲ್ಲಿ ಮೂವರು ಬೆಚ್ಚಿಬೀಳುತ್ತೇವೆ. ಬೆಚ್ಚದವಳು ಮಗಳು. ನನ್ನ ಅತಿ ದೊಡ್ಡ ಭಯ ಅದೇ.

ಆದ್ದರಿಂದ, ಬರುವ ಸೋಮವಾರದ ಕವಾಯತಿಗೆ ಮೊದಲು ಕಣ್ಣೂ ಗೆರೆಯೂ ರದ್ದಾಗಬೇಕು. ಮೇಷ್ಟ್ರು ಎಲ್ಲಿದ್ದಾರೆಂದು ಅವರ ಹೆಂಡತಿಗೆ ತಿಳಿಸಬೇಕು. ಮಕ್ಕಳು ಬರೆದ ಚೀಟಿಗಳೆಲ್ಲ ಆಯಾ ಮಕ್ಕಳ ಕೈಗೇ ಮರಳಬೇಕು. ಅಲ್ಲಿಯವರೆಗೆ ತಮ್ಮ ನಕ್ಷೆಯ ಮೇಲೆ ನನ್ನ ಸೂಜಿ ಇಳಿಯುವುದಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಮಗಳು ಬಂದು, ಏನಮ್ಮ ಬರೀತಿದ್ದೀ ಎಂದಳು. ಹಾಳೆ ಮುಚ್ಚಲು ಕೈ ತಾನಾಗಿ ಮುಂದಾಯಿತು. ಹೆತ್ತವಳಿಗೆ ಇದಕ್ಕಿಂತ ಅವಮಾನ ಇನ್ನೇನಿದೆ? ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಓದಿ ಹೇಳಿದೆ. ಅವಳು ಹಾಳೆಯ ಕೆಳತುದಿಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ, “ಕೆಳಗೆ ನಿನ್ನ ಹೆಸರು ಹಾಕಬೇಡಮ್ಮ” ಎಂದಳು.

ಅದು ಬೆದರಿಕೆಯೋ, ಅಕ್ಕರೆಯೋ, ನನಗೆ ತಿಳಿಯಲಿಲ್ಲ. ಅಕ್ಕರೆ ಎಂದೇ ನಂಬಿ ಹಾಕುತ್ತಿಲ್ಲ. ಹೆಸರಿಲ್ಲದಿದ್ದರೂ ನನ್ನನ್ನು ಹುಡುಕುವುದು ತಮಗೆ ಕಷ್ಟವಾಗದು.

ಇಂತಿ,
ಮಗಳ ಮಾತು ಕೇಳಿದ ಒಬ್ಬ ತಾಯಿ