ತೊಳೆಯದ ಅಂಗಿ

ಶನಿವಾರ, ಬೆಳಗಾಗಲು ಇನ್ನೂ ಹೊತ್ತಿದೆ

ಗುಬ್ಬಿಯ ಅಪ್ಪನಿಗೆ,

ಎರಡು ಗಂಟೆಗೆ ಹಲ್ಲು ಕಟಕಟಿಸುವ ಸದ್ದಿಗೆ ಎಚ್ಚರವಾಯಿತು. ನಮ್ಮ ಮುದಿ ಗಿನಿ ಪಿಗ್ ಸಿಟ್ಟು ಬಂದಾಗ ಹಾಗೆ ಮಾಡುವುದು ನಿಮಗೂ ನೆನಪಿರಬೇಕು. ಆಮೇಲೆ ನಿದ್ದೆ ಹತ್ತಲಿಲ್ಲ. ನಿಮಗೆ ಹೇಗೂ ರಾತ್ರಿ ಪಾಳಿ. ವಾರ್ಡಿನಲ್ಲಿ ರೋಗಿಗಳು ಮಲಗಿದ ಮೇಲೆ ಮೊಬೈಲ್ ನೋಡುತ್ತೀರಿ ಎಂಬ ನಂಬಿಕೆಯಲ್ಲಿ ಇದನ್ನು ಬರೆದು ಕಳಿಸುತ್ತಿದ್ದೇನೆ.

ಗುಬ್ಬಿಯ ಚೀಲ ಸಿದ್ಧವಾಗಿದೆ. ಬೆಳಿಗ್ಗೆ ನೀವು ಬಂದರೆ ಹೊರಡುವುದಷ್ಟೇ. ಇನ್ನು ಮೇಲೆ ವಾರವೆಲ್ಲ ನಿಮ್ಮಲ್ಲಿ, ಭಾನುವಾರ ನನ್ನಲ್ಲಿ ಎಂದು ಒಪ್ಪಿಕೊಂಡವಳು ನಾನೇ. ನಸುಕಿಗೇ ಡೈರಿಯ ಪ್ರಯೋಗಾಲಯಕ್ಕೆ ಓಡುವವಳು ಆರು ವರ್ಷದ ಮಗುವನ್ನು ಯಾರ ಕೈಗೆ ಕೊಟ್ಟು ಹೋಗಲಿ? ಮಾತಿಗೆ ತಪ್ಪುವುದಿಲ್ಲ. ಆದರೆ ಒಂದು ವಿಷಯ ಕೇಳಿ.

ತಾನು ಹೋದ ಮೇಲೆ ದೊಡ್ಡಮ್ಮ ಒಬ್ಬಳೇ ಆಗಿಬಿಡುತ್ತಾಳೆ ಎಂದು ಗುಬ್ಬಿ ಹಠ ಹಿಡಿದಳು. ದೊಡ್ಡಮ್ಮ ಅಂದರೆ ಆ ಮುದಿ ಗಿನಿ ಪಿಗ್; ಗುಬ್ಬಿಯೇ ಇಟ್ಟ ಹೆಸರು. ಹಾಗಾಗಿ ಕಳೆದ ವಾರ ಕೆಳಗಿನ ಮನೆಯ ಟೀಚರ್ ಹತ್ತಿರದಿಂದ ಒಂದು ಹೆಣ್ಣು ಮರಿ ತಂದೆವು. ಮರಿಯ ತಾಯಿ ಮಲಗುತ್ತಿದ್ದ ಬಟ್ಟೆಯ ತುಂಡನ್ನೂ ಅವರು ಜೊತೆಗೆ ಕೊಟ್ಟು, "ತೊಳ್ದುಗಿಳ್ದುಬಿಟ್ಟೀರಿ ಮತ್ತೆ! ಅಮ್ಮನ ವಾಸನೆ ಇದ್ರೇನೇ ಅದಕ್ಕೆ ಧೈರ್ಯ" ಎಂದರು.

ಪ್ರಾಣಿಶಾಸ್ತ್ರ ಓದಿದ ನಾನು ಮಾಡಿದ್ದೇನು ಗೊತ್ತೇ? ಮರಿಯನ್ನು ಸೀದಾ ದೊಡ್ಡಮ್ಮನ ಗೂಡಿಗೇ ಬಿಟ್ಟೆ. ಒಂಟಿ ಜೀವ, ಖುಷಿಪಟ್ಟೀತು ಅಂದುಕೊಂಡಿದ್ದೆ. ದೊಡ್ಡಮ್ಮ ಮೈಯ ಕೂದಲೆಲ್ಲ ನಿಮಿರಿಸಿ ಅಟ್ಟಿಸಿಕೊಂಡು ಹೋಗಿ ಅದರ ಕಿವಿ ಕಚ್ಚಿದಳು. ಮರಿ ಆ ಬಟ್ಟೆಯೊಳಗೆ ತೂರಿಕೊಂಡು ಗಡಗಡ ನಡುಗುತ್ತಿತ್ತು. ಗುಬ್ಬಿ ರೇಗಿದ್ದು ನನ್ನ ಮೇಲೆ. "ಅದು ದೊಡ್ಡಮ್ಮನ ಮನೆ ಅಲ್ವಾ? ಕೇಳ್ದೇ ಯಾರಾದ್ರೂ ಒಳಗೆ ಬರ್ತಾರಾ? ನೀನೊಬ್ಳು ಪೆದ್ದಿ!"

ಅಂದಿನಿಂದ ಇಬ್ಬರಿಗೂ ಬೇರೆ ಗೂಡು, ನಡುವೆ ಜಾಲರಿ. ಸಂಜೆ ಸ್ವಲ್ಪ ಹೊತ್ತು ಮಾತ್ರ ಬಚ್ಚಲಲ್ಲಿ ಸೊಪ್ಪು ಹರಡಿ ಇಬ್ಬರನ್ನೂ ಬಿಡುತ್ತಿದ್ದೆವು, ಅಲ್ಲಿ ಇಬ್ಬರೂ ಹೊಸಬರಲ್ಲವೇ. ಅಡಗಲು ಎರಡು ರಟ್ಟಿನ ಡಬ್ಬ, ಪ್ರತಿಯೊಂದಕ್ಕೂ ಎರಡು ಬಾಗಿಲು. ಯಾರೂ ಯಾರನ್ನೂ ಮೂಲೆಗೆ ಒತ್ತಬಾರದು. ನಿನ್ನೆ ಸಂಜೆಯಷ್ಟೇ ಹಳೆಯ ಗೂಡನ್ನು ಉಜ್ಜಿ ತೊಳೆದು ಇಬ್ಬರನ್ನೂ ಒಟ್ಟಿಗೆ ಹಾಕಿದೆವು. ಗುಬ್ಬಿ ದಿಂಬು ತಂದು ಕಾವಲು ಕೂತವಳು ಅಲ್ಲೇ ನಿದ್ದೆಹೋದಳು.

ನೀವು ನಗುತ್ತಿದ್ದೀರಿ, ಗೊತ್ತು. "ಡಿಗ್ರಿ ತಗೊಂಡು ನನ್ನ ಹೆಂಡ್ತಿ ಇಲಿ ಸಾಕ್ತಾಳೆ" ಎಂದು ಗೆಳೆಯರ ಮುಂದೆ ಅನ್ನುತ್ತಿದ್ದಿರಿ. ಆಗ ನಾನೂ ನಗುತ್ತಿದ್ದೆ.

ಗುಬ್ಬಿ ನಿಮ್ಮ ಹೊಸ ಹೆಂಡತಿಯನ್ನು ಫೋಟೋದಲ್ಲಷ್ಟೇ ನೋಡಿದ್ದಾಳೆ. ಅವರ ಮನೆಗೆ ಅವಳನ್ನು ಸೀದಾ ಕರೆದೊಯ್ಯಬೇಡಿ. ಇನ್ನೊಂದು ವಾರ ನನ್ನಲ್ಲೇ ಇರಲಿ, ನಾನು ಹೇಗಾದರೂ ರಜೆ ಹಾಕುತ್ತೇನೆ. ದಿನಾ ಸಂಜೆ ಪಾರ್ಕಿನಲ್ಲೋ ಎಲ್ಲೋ ಇಬ್ಬರೂ ಭೇಟಿಯಾಗಲಿ, ಒಟ್ಟಿಗೆ ಏನಾದರೂ ತಿನ್ನಲಿ. ಅವರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ದೊಡ್ಡಮ್ಮನೂ ಕೆಟ್ಟವಳಲ್ಲ.

ಚೀಲದ ತಳದಲ್ಲಿ ನಾನು ಮಲಗುವಾಗ ಹಾಕಿಕೊಳ್ಳುವ ಹಳೆಯ ಅಂಗಿ ಇದೆ. ಕೊಳೆಯಾಗಿದೆ ಎಂದು ಅವರು ಮೆಷಿನ್ನಿಗೆ ಹಾಕಿಬಿಟ್ಟಾರು. ಬೇಡ ಎನ್ನಿ.

ಇಂತಿ,
ಗುಬ್ಬಿಯ ಅಮ್ಮ

ವಿ.ಸೂ: ಹಲ್ಲು ಕಟಕಟಿಸಿತು ಎಂದದ್ದು ಸುಳ್ಳು. ನನ್ನನ್ನು ಎಬ್ಬಿಸಿದ್ದು ಗುರ್ ಗುರ್ ಎಂಬ ಮೆತ್ತನೆಯ ಸದ್ದು. ಹಾಯೆನಿಸಿದಾಗ ಅವು ಮಾಡುವಂಥದ್ದು. ಎದ್ದು ಹೋಗಿ ನೋಡಿದರೆ ಮರಿ ದೊಡ್ಡಮ್ಮನ ಗಲ್ಲದ ಕೆಳಗೆ ಮಲಗಿತ್ತು. ಅದರ ಅಮ್ಮನ ಬಟ್ಟೆ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಒಂದೇ ವಾರ ಸಾಕಾಯಿತು ಅದಕ್ಕೆ. ಅಂಗಿಯನ್ನು ಚೀಲದಿಂದ ತೆಗೆದೆ, ಮತ್ತೆ ಇಟ್ಟೆ, ಈಗ ಮಡಿಲಲ್ಲಿದೆ. ಇಡಲೋ ಬೇಡವೋ, ಅದನ್ನಾದರೂ ಹೇಳಿ. ಬೆಳಗಾಗುವ ಮುಂಚೆ ಒಂದು ಫೋನ್ ಮಾಡಿ, ಗುಬ್ಬಿ ಏಳುವುದರೊಳಗೆ. ದಯವಿಟ್ಟು ಮಾಡಿ.