ಟೊಳ್ಳು ಕಲ್ಲುಗಳ ಮೇಲಿನ ಕೆಂಪು ಗೀಟು

ರೀ,

ಕೊಲ್ಲಿ ದೇಶದ ಈ ಸೀಬ್ ಊರಿನ ನಮ್ಮ ಬಾಡಿಗೆ ಮನೆಯ ಹೊರಗೋಡೆಗೆ ಅಂಟಿಸಿದ್ದ ಕಲ್ಲುಗಳನ್ನು ಇವತ್ತು ಕೀಳಲು ಶುರು ಮಾಡಿದರು. ನೀವು ಕೇಳಿ ಕೇಳಿ ಸೋತಿದ್ದ ಕೆಲಸಕ್ಕೆ ಮಾಲೀಕರು ಒಪ್ಪಿದ್ದು, ನೀವು ಹೋಗಿ ಏಳು ತಿಂಗಳಾದ ಮೇಲೆ.

ಉಳ್ಳಾಲದ ಮೇಸ್ತ್ರಿ ಇಬ್ರಾಹಿಂ ಒಂದೊಂದು ಕಲ್ಲನ್ನೂ ಬೆರಳಿನಿಂದ ಬಡಿದು ನೋಡಿದರು. ಹಿಂದಿನ ಗಾರೆ ಬಿಟ್ಟು ಟೊಳ್ಳು ಸದ್ದು ಬಂದಲ್ಲೆಲ್ಲ ನಿಮ್ಮ ಕೆಂಪು ಪೆನ್ಸಿಲ್ಲಿನ ಗೀಟು ಮೊದಲೇ ಇತ್ತು.

“ಇದು ಯಾರು ಅಕ್ಕ ಗುರುತು ಹಾಕಿದ್ದು? ಒಂದೂ ತಪ್ಪಿಲ್ಲ ಮಾರಾಯ್ರೆ!”

“ನಮ್ಮ ಮನಿಯವ್ರು. ಶುಕ್ರವಾರ ರಜಾ ಬಂತಂದ್ರ ಗೋಡಿಗೆ ಕಿವಿ ಹಚ್ಚಿ ನಿಲ್ತಿದ್ರು. ಗೋಡಿ ಜೋಡಿ ಏನ್ ಮಾತಾಡ್ತೀರಿ, ನನ್ನ ಜೋಡಿ ಮಾತಾಡ್ರಿ ಅಂತಿದ್ದೆ.”

ಇಬ್ರಾಹಿಂ ನಕ್ಕರು.

ಗೀಟುಗಳು ಅಡುಗೆಮನೆಯ ಕಿಟಕಿಯವರೆಗೆ ಬಂದು ನಿಂತಿವೆ. ಆ ಶುಕ್ರವಾರ ನೀವು ಅಲ್ಲೇ ಕೂತು, “ಯಾಕೋ ಎದಿ ಭಾರ ಆಗೇತಿ” ಎಂದಿರಿ. ನಾನು ರೊಟ್ಟಿ ಬಡಿಯುತ್ತಲೇ, “ಬಿಸಲಿಗೆ ಹಂಗಾಗತೈತಿ, ಒಳಗ ಬಂದು ಮಜ್ಜಿಗಿ ಕುಡೀರಿ” ಎಂದೆ. ಹೊರಗೆ ಬಂದು ನೋಡಲಿಲ್ಲ. ನೀವು ಒಳಗೆ ಬರಲಿಲ್ಲ.

ಇಬ್ರಾಹಿಂ ಕಿಟಕಿಯಾಚೆಯ ಕಲ್ಲುಗಳನ್ನೂ ಬಡಿದರು. “ಇಲ್ಲಿ ಕೂಡ ಟೊಳ್ಳುಂಟು. ಅವರು ಯಾಕೆ ಅಷ್ಟಕ್ಕೇ ನಿಲ್ಲಿಸಿದ್ದು ಅಕ್ಕ?”

“ಬಿಸಲಿತ್ತು” ಎಂದೆ.