ಹೆಸರು ಹೇಳಲ್ಲ ಅಂದರು ಅಕ್ಕ

ಶನಿವಾರ, ರಾತ್ರಿ ಎರಡೂವರೆ. ಎಬ್ಬಿಸಿದ್ದು ಮಗುವಲ್ಲ, ದಿಂಬಿನಡಿ ಗುಂಯ್‌ಗುಟ್ಟಿದ ಫೋನ್. ಪ್ರಾರ್ಥನೆಯಲ್ಲಿ ನನ್ನ ಜೊತೆಗಾತಿಯಾದ ನರ್ಸ್ ಅಕ್ಕನ ಸಂದೇಶ: "ನಿನ್ನ ವಿಷಯ ಬೆಳಗ್ಗೆ ಸಭೇಲಿ ಇಡ್ತೀನಮ್ಮ, ಎಲ್ಲರೂ ಪ್ರಾರ್ಥಿಸಲಿ. ಹೆಸರು ಹೇಳಲ್ಲ, ಹೆದರ್ಬೇಡ."

ಹೆಸರು ಯಾಕೆ ಬೇಕು? ಚರ್ಚಿನ ಆ ಸಭೆಯಲ್ಲಿ ಹಾಲು ಕುಡಿಯುವ ಮಗುವಿರುವುದು ನನಗೊಬ್ಬಳಿಗೇ. ಮುಂದಿನ ಬೆಂಚಿನಲ್ಲಿ ಅತ್ತೆ ಕೂರುತ್ತಾರೆ.

ವಾರವಾರ ಜೋಡಿಯಾಗಿ ಕೂತು ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಬೇಕೆಂಬುದು ಸಭೆಯ ನಿಯಮ. ಈ ವಾರ ನಾನು ಅತ್ತೆಯ ಮೇಲೆ ಸಿಟ್ಟು ಬಂತು ಅಂದಿದ್ದಕ್ಕೆ ಅಕ್ಕ ನಕ್ಕರು. "ಅದು ಯಾರಿಗೆ ಬರಲ್ವೇ? ನಿಜವಾದ್ದು ಹೇಳು." ಆ ನಗುವಿಗೆ ಕರಗಿ ಬಾಯಿಬಿಟ್ಟೆ. ಅಳು ನಿಲ್ಲಿಸದ ಮಗುವನ್ನು ತೊಟ್ಟಿಲಲ್ಲಿ ಬಿಟ್ಟು, ಅಳು ಕೇಳದಂತೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಕೂತಿದ್ದೆ. ಇದು ಹುಟ್ಟದೇ ಇದ್ದಿದ್ದರೆ ಅಂದುಕೊಂಡಿದ್ದೆ.

ಹೇಳಿದ ಮೇಲೆ ಎದೆ ಹಗುರಾಗಿ, ಮನೆಗೆ ಬಂದು ಮಗುವಿಗೆ ಮೊದಲ ಸಲ ಹಾಡಿದ್ದೆ. ನಾಳೆ ಅತ್ತೆಗೆ ತಿಳಿದರೆ ಮಗುವನ್ನು ನನ್ನ ಕೈಗೇ ಕೊಡುವುದಿಲ್ಲ.

ತಕ್ಷಣ ಫೋನ್ ಮಾಡಿದೆ, ಸ್ವಿಚ್ ಆಫ್. ವಾರ್ಡಿನಲ್ಲಿರಬೇಕು, ಪಾಳಿ ಮುಗಿಸಿ ನೇರ ಸಭೆಗೇ ಹೋಗುತ್ತಾರೆ. ಗೋಡೆಯಾಚೆ ಅತ್ತೆಯ ಕೆಮ್ಮು ಕೇಳುತ್ತಿದೆ.

ಕತ್ತಲಲ್ಲೇ ಸಂದೇಶ ಬರೆಯುತ್ತಿದ್ದೇನೆ: ಅಕ್ಕಾ, ದೇವರಿಗೆ ಒಂದು ಸಲ ಹೇಳಿಯಾಗಿದೆ. ಮತ್ತೆ ಹೇಳಬೇಡಿ. ಬೆಳಗಾಗುವ ಮುಂಚೆ ಒಂದೇ ಒಂದು ಫೋನ್ ಮಾಡಿ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದೇ ಒಂದು ಸಲ.